ಲಂಬಾಡಾ: ಒಂದು ರಾಗ ಎಷ್ಟು ಕೈ ದಾಟಿ ಬಂತು

1989ರ ಬೇಸಿಗೆಯಲ್ಲಿ ಫ್ರಾನ್ಸಿನ ಟಿವಿಯಲ್ಲಿ ಒಂದು ಹಾಡು ಮತ್ತೆ ಮತ್ತೆ ಬರತೊಡಗಿತು. ಬ್ರೆಜಿಲ್‌ನ ಕಡಲತೀರ, ತೆಂಗಿನ ಮರಗಳು, ಗಿರ್ರನೆ ತಿರುಗುವ ಗಿಡ್ಡ ಲಂಗಗಳು, ಮೈಗೆ ಮೈ ತಾಗಿಸಿ ಕುಣಿಯುವ ಜೋಡಿಗಳು. ನಡುವೆ ಇಬ್ಬರು ಮಕ್ಕಳು, ಒಬ್ಬ ಕಪ್ಪು ಹುಡುಗ, ಒಬ್ಬಳು ಹೊಂಗೂದಲಿನ ಹುಡುಗಿ. ಹಾಡಿನ ಹೆಸರು 'ಲಂಬಾಡಾ', ತಂಡದ ಹೆಸರು ಕಾವೋಮಾ. ಫ್ರಾನ್ಸಿನ ಪಟ್ಟಿಯಲ್ಲಿ ಅದು 12 ವಾರ ಮೊದಲ ಸ್ಥಾನದಲ್ಲಿ ಕೂತಿತು. ಬ್ರಿಟನ್ನಿನಲ್ಲಿ ನಾಲ್ಕನೇ ಸ್ಥಾನದವರೆಗೆ ಹೋಯಿತು. ಇಂಗ್ಲಿಷ್ ಅಲ್ಲದ ಹಾಡಿಗೆ ಅಲ್ಲಿ ಇದು ದೊಡ್ಡ ಮಾತು.

ಹಾಡು ಬರೆದವರ ಜಾಗದಲ್ಲಿ 'ಶಿಕೊ ಜಿ ಒಲಿವೇರಾ' ಎಂದಿತ್ತು. ಕೇಳಿದರೆ ಪಕ್ಕಾ ಬ್ರೆಜಿಲ್‌ನ ಹೆಸರು. ಆದರೆ ಆ ಹೆಸರಿನ ಸಂಗೀತಗಾರ ಇರಲಿಲ್ಲ. ಅದು ಹಾಡನ್ನು ಮಾರುಕಟ್ಟೆಗೆ ತಂದ ಫ್ರೆಂಚ್ ನಿರ್ಮಾಪಕರ ಕಡೆಯ ಗುಪ್ತನಾಮ. ರಾಗ ಹುಟ್ಟಿದ್ದು ಬ್ರೆಜಿಲ್‌ನಲ್ಲೂ ಅಲ್ಲ, ಕಡಲತೀರದಲ್ಲೂ ಅಲ್ಲ. ಅದು ಕಡಲೇ ಇಲ್ಲದ ಬೊಲಿವಿಯಾದ ರಾಗ.

ಈ ಕಥೆಯನ್ನು ಸಾಮಾನ್ಯವಾಗಿ ಎರಡೇ ಸಾಲಿನಲ್ಲಿ ಹೇಳಿಬಿಡುತ್ತಾರೆ: ಬೊಲಿವಿಯಾದ ಬಡ ಸಂಗೀತಗಾರರ ಹಾಡನ್ನು ಪ್ಯಾರಿಸ್ಸಿನವರು ಕದ್ದರು, ಕೊನೆಗೆ ಬೊಲಿವಿಯಾದವರು ಗೆದ್ದರು. ಅದು ಸುಳ್ಳಲ್ಲ. ಆದರೆ ಹಾಗೆ ಹೇಳಿದಾಗ ನಡುವಿನ ಕೈಗಳೆಲ್ಲ ಮರೆಯಾಗುತ್ತವೆ. ಪೆರುವಿನ ರಾಜಧಾನಿ ಲಿಮಾದಲ್ಲಿ ಇದನ್ನು ಕುಣಿತದ ಹಾಡು ಮಾಡಿದವರು, ಒಪ್ಪಿಗೆ ಪಡೆದು ಪೋರ್ಚುಗೀಸ್ ಮಾತು ಕೊಟ್ಟವರು, ಬ್ರೆಜಿಲ್‌ನ ಉತ್ತರದಲ್ಲಿ ಆ ಕುಣಿತವನ್ನು ಬೆಳೆಸಿದವರು ಯಾರೂ ಕಾಣುವುದಿಲ್ಲ. ಒಬ್ಬರ ಹಾಡನ್ನು ಇನ್ನೊಬ್ಬರು ಮತ್ತೆ ಹಾಡುವ ಕವರ್ ಹಾಡು ಅಂದರೆ ಏನು, ಅದರಲ್ಲಿ ಯಾರ ಪಾಲು ಎಷ್ಟು ಅಂತ ತಿಳಿಯಬೇಕಾದರೆ ಈ ನಡುವಿನವರನ್ನೇ ನೋಡಬೇಕು. ಅದಕ್ಕೇ ಒಂದೊಂದು ರೂಪವನ್ನೂ ಅದು ಬಂದ ಕ್ರಮದಲ್ಲೇ ನೋಡೋಣ.

ಮೊದಲ ರೂಪ: ಕೋಚಬಾಂಬಾ

ಬೊಲಿವಿಯಾದ ಕೋಚಬಾಂಬಾ ಸಮುದ್ರಮಟ್ಟದಿಂದ ಸುಮಾರು 2,500 ಮೀಟರ್ ಎತ್ತರದಲ್ಲಿದೆ. ಅಲ್ಲಿನ ಎರ್ಮೋಸಾ ಸಹೋದರರ ತಂಡ ಲೋಸ್ ಕಾರ್ಕಾಸ್. ಆಂಡಿಸ್ ಪರ್ವತ ಸೀಮೆಯ ಜನಪದ ವಾದ್ಯಗಳನ್ನು ಇಟ್ಟುಕೊಂಡು ಹೊಸ ಹಾಡು ಕಟ್ಟುವುದು ಅವರ ರೀತಿ. ಚರಾಂಗೊ ಎಂಬ ಪುಟ್ಟ ತಂತಿವಾದ್ಯ, ಕೇನಾ ಎಂಬ ಕೊಳಲು, ಬೊಂಬೊ ಡೋಲು, ಜೊತೆಗೆ ಬಿದಿರಿನ ಕೊಳವೆಗಳನ್ನು ಸಾಲಾಗಿ ಕಟ್ಟಿ ಊದುವ ಸಾಂಪೋನ್ಯಾ. ಹಳ್ಳಿಗಳಲ್ಲಿ ಸಾಂಪೋನ್ಯಾವನ್ನು ಇಬ್ಬರು ಹಂಚಿಕೊಂಡು ನುಡಿಸುವ ಪದ್ಧತಿ ಇದೆ. ಒಬ್ಬನ ಸಾಲಿನಲ್ಲಿ ಕೆಲವು ಸ್ವರ, ಇನ್ನೊಬ್ಬನ ಸಾಲಿನಲ್ಲಿ ಉಳಿದ ಸ್ವರ. ಇಬ್ಬರೂ ಸೇರಿ ಊದಿದರೇ ಒಂದು ರಾಗ ಪೂರ್ತಿಯಾಗುತ್ತದೆ.

1981ರಲ್ಲಿ ಈ ತಂಡ 'ಯೊರಾಂದೊ ಸೆ ಫುಯೆ' ಎಂಬ ಹಾಡನ್ನು ರೆಕಾರ್ಡ್ ಮಾಡಿತು. ಕಟ್ಟಿದವರು ಉಲಿಸೆಸ್ ಮತ್ತು ಗೊನ್ಸಾಲೊ ಎರ್ಮೋಸಾ. ನನ್ನನ್ನು ಅಳಿಸಿದವಳು ತಾನೇ ಅಳುತ್ತಾ ಹೋದಳು, ನಮ್ಮ ಪ್ರೀತಿಯನ್ನು ಅವಳು ಎಂದೂ ಮರೆಯಲಾರಳು ಎಂಬ ಭಾವ ಅದರದ್ದು. ರಾಗ ಪಂಚಮದಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಷಡ್ಜಕ್ಕೆ ಇಳಿಯುತ್ತದೆ. ಸ್ವರಗಳು ನಮ್ಮ ಕರ್ನಾಟಕ ಸಂಗೀತದ ನಠಭೈರವಿ ರಾಗಕ್ಕೆ ಹತ್ತಿರ. ಕೆಳಗೆ ಇಳಿಯುತ್ತಲೇ ಹೋಗುವ ಈ ನಡೆಯಲ್ಲೇ ದುಃಖ ಇದೆ. ಮಾತು ಗೊತ್ತಿಲ್ಲದವರಿಗೂ ಅದು ತಟ್ಟುತ್ತದೆ. ಇಲ್ಲಿ ಮೊದಲ ಸಾಲನ್ನು ಹೇಳುವುದು ಉಸಿರಿನ ವಾದ್ಯ. ಪ್ರತಿ ಸ್ವರದ ಹಿಂದೆ ಗಾಳಿಯ ಸದ್ದು ಕೇಳುತ್ತದೆ. ಓಟ ಇಲ್ಲ, ಅವಸರ ಇಲ್ಲ.

ಇಲ್ಲಿ ಒಂದು ವಿಷಯ ಬಿಡುವ ಹಾಗಿಲ್ಲ. ಈ ಹಾಡಿನ ತಾಳವನ್ನು 'ಸಾಯಾ' ಎಂದು ಕರೆದರು. ಸಾಯಾ ಮೂಲತಃ ಬೊಲಿವಿಯಾದ ಯುಂಗಾಸ್ ಕಣಿವೆಗಳಲ್ಲಿ ನೆಲೆಸಿರುವ ಕರಿಯ ಜನರ ಹಾಡು-ಕುಣಿತ. ಗುಲಾಮರಾಗಿ ತಂದವರ ಮಕ್ಕಳು, ಮೊಮ್ಮಕ್ಕಳು ಉಳಿಸಿಕೊಂಡು ಬಂದ ಸೊತ್ತು ಅದು. ಲೋಸ್ ಕಾರ್ಕಾಸ್‌ನಂಥ ತಂಡಗಳು ಸಾಯಾ ಎಂದು ಹಾಡುವುದು ನಮ್ಮ ಸಾಯಾವೇ ಅಲ್ಲ, ಅದು ನಗರದ ಮೆರವಣಿಗೆಗಳ ಕಪೊರಾಲೆಸ್ ಕುಣಿತದ ತಾಳ ಎಂದು ಆ ಸಮುದಾಯ ಆಕ್ಷೇಪ ಎತ್ತಿತು. ಅಂದರೆ ಮುಂದೆ ಅನ್ಯಾಯಕ್ಕೆ ಒಳಗಾದವರ ಹಾಡಿನ ಕೆಳಗೂ ಇನ್ನೊಬ್ಬರ ದೂರು ಇದೆ. ಎರ್ಮೋಸಾ ಸಹೋದರರ ಹಕ್ಕು ಇದರಿಂದ ಕಡಿಮೆಯಾಗುವುದಿಲ್ಲ, ಆ ರಾಗ ಅವರದ್ದೇ. ಆದರೆ ಯುಂಗಾಸ್‌ನವರ ದೂರು ಯಾವ ಕೋರ್ಟಿಗೂ ಹೋಗುವಂಥದ್ದಲ್ಲ. ತಾಳಕ್ಕೆ ಕಾಪಿರೈಟ್ ಸಿಗುವುದಿಲ್ಲ ಅಲ್ವಾ?

ಲಿಮಾದ ಅಕಾರ್ಡಿಯನ್

ನನ್ನ ಮಟ್ಟಿಗೆ ಇಡೀ ಪ್ರಕರಣದ ತಿರುವು ಇಲ್ಲಿದೆ.

1984ರಲ್ಲಿ ಪೆರುವಿನ ಕ್ವಾರ್ತೆತೊ ಕೊಂತಿನೆಂತಾಲ್ ಎಂಬ ತಂಡ ಇದೇ ಹಾಡನ್ನು ಮತ್ತೆ ಹಾಡಿತು. ಹೊರತಂದದ್ದು ಇನ್ಫೊಪೆಸಾ ಕಂಪನಿ, ನಿರ್ಮಾಪಕ ಆಲ್ಬೆರ್ತೊ ಮರಾವಿ. ಅವರು ಎರಡು ಕೆಲಸ ಮಾಡಿದರು. ಹಾಡಿನ ವೇಗ ಹೆಚ್ಚಿಸಿ ಅದನ್ನು ಕುಂಬಿಯಾ ತಾಳಕ್ಕೆ ತಂದರು. ಸಾಂಪೋನ್ಯಾ ಇದ್ದ ಜಾಗಕ್ಕೆ ಅಕಾರ್ಡಿಯನ್ ತಂದರು.

ಕುಂಬಿಯಾ ಕೊಲಂಬಿಯಾದ ಕೆರಿಬಿಯನ್ ತೀರದಿಂದ ಹೊರಟು ಲ್ಯಾಟಿನ್ ಅಮೆರಿಕದ ತುಂಬಾ ಹರಡಿದ ಕುಣಿತದ ಸಂಗೀತ. ಪೆರುವಿಗೆ ಬಂದಾಗ ಅದು ಆಂಡಿಸ್ ಜನರ ರಾಗಗಳ ಜೊತೆ ಬೆರೆಯಿತು. ಬೆಟ್ಟದ ಹಳ್ಳಿಗಳಿಂದ ಕೆಲಸ ಹುಡುಕಿಕೊಂಡು ಲಿಮಾಕ್ಕೆ ಇಳಿದ ಲಕ್ಷಾಂತರ ಜನರಿಗೆ ಊರಿನ ರಾಗವೂ ಬೇಕಿತ್ತು, ಶನಿವಾರ ರಾತ್ರಿ ಕುಣಿಯಲು ತಾಳವೂ ಬೇಕಿತ್ತು. ಬೆಟ್ಟದ ಅಳುವನ್ನು ಕುಣಿಯುವ ಹಾಗೆ ಮಾಡಿದ ಈ ರೂಪ ಅಂಥ ಜನರ ನಡುವಿನಿಂದ ಬಂದದ್ದು. ಪ್ಯಾರಿಸ್ಸಿನವರಿಗೆ ಹೊಳೆಯುವುದಕ್ಕೆ ಐದು ವರ್ಷ ಮೊದಲೇ ಈ ಕೆಲಸ ಆಗಿಹೋಗಿತ್ತು.

ಅಕಾರ್ಡಿಯನ್ನೇ ಏಕೆ ಅಷ್ಟು ಮುಖ್ಯ? ಸಾಂಪೋನ್ಯಾದಲ್ಲಿ ಸ್ವರ ಶುರುವಾಗುವುದೇ ಗಾಳಿಯಿಂದ, ಅದರ ಅಂಚು ಮೆತ್ತಗಿರುತ್ತದೆ. ಅಕಾರ್ಡಿಯನ್ನಿನ ಒಳಗೆ ಲೋಹದ ರೀಡ್‌ಗಳಿವೆ, ನಮ್ಮ ಹಾರ್ಮೋನಿಯಂನಲ್ಲಿ ಇರುವಂಥವೇ. ತಿದಿ ಒತ್ತಿದ ಕೂಡಲೇ ಸ್ವರ ಚುರುಕಾಗಿ ಹೊರಬೀಳುತ್ತದೆ. ಬೆರಳು ಎತ್ತಿದರೆ ಅಷ್ಟೇ ಚುರುಕಾಗಿ ನಿಲ್ಲುತ್ತದೆ. ಹೀಗಾಗಿ ಅದೇ ಇಳಿಯುವ ರಾಗ ತಾಳದ ಪೆಟ್ಟಿನ ಮೇಲೆ ಕರಾರುವಾಕ್ಕಾಗಿ ಕೂರುತ್ತದೆ. ಅದರ ಸದ್ದಿನಲ್ಲೇ ಒಂದು ಕೊರಗು ಇದೆ, ಹಾಗಾಗಿ ದುಃಖವೂ ಹೋಗುವುದಿಲ್ಲ. ಕಾಲು ಕುಣಿಯುತ್ತದೆ, ಎದೆ ಭಾರವಾಗುತ್ತದೆ. ಲಂಬಾಡಾ ಕೇಳಿದ ಯಾರನ್ನೇ ಕೇಳಿ, ಅವರು ಮೊದಲು ಬಾಯಲ್ಲಿ ಗುನುಗುವುದು ಹಾಡಿನ ಮಾತನ್ನಲ್ಲ, ಆ ಅಕಾರ್ಡಿಯನ್ ಸಾಲನ್ನು. ಆ ಸಾಲಿನ ಸ್ವರಗಳು ಕೋಚಬಾಂಬಾದವು, ಆ ದನಿ ಲಿಮಾದ್ದು.

ಹಾಡಿನ ಒಡೆತನದ ಲೆಕ್ಕದಲ್ಲಿ ರಾಗ ಕಟ್ಟಿದವರು, ಸಾಹಿತ್ಯ ಬರೆದವರು ಇರುತ್ತಾರೆ. ವಾದ್ಯ ಜೋಡಿಸಿದವರಿಗೆ, ನುಡಿಸಿದವರಿಗೆ ಸಾಮಾನ್ಯವಾಗಿ ಆ ದಿನದ ಸಂಭಾವನೆ ಸಿಗುತ್ತದೆ, ಅಷ್ಟೇ. ಪಾಪ್ ಸಂಗೀತದ ಎಲ್ಲ ಊರಿನಲ್ಲೂ ರೂಢಿ ಹೀಗೇ ಇದೆ, ನಮ್ಮ ಚಿತ್ರಸಂಗೀತದಲ್ಲೂ. ಈ ಪ್ರಕರಣದ ಬಗ್ಗೆ ಮಾತಾಡುವವರು ಬೊಲಿವಿಯಾ, ಫ್ರಾನ್ಸ್ ಎಂದು ಎರಡೇ ಹೆಸರು ಹೇಳಿ ಮುಗಿಸುವಾಗ ನನಗೆ ಸಂಕಟವಾಗುವುದು ಇದಕ್ಕೇ.

ಬ್ರೆಜಿಲ್: ಕೇಳಿ ಪಡೆದ ಒಪ್ಪಿಗೆ

1986ರಲ್ಲಿ ಬ್ರೆಜಿಲ್‌ನ ಗಾಯಕಿ ಮಾರ್ಸಿಯಾ ಫೆರೇರಾ ಈ ಹಾಡನ್ನು ಪೋರ್ಚುಗೀಸಿನಲ್ಲಿ ಹಾಡಿದರು. ಮಾತು ಬರೆದವರು ಅವರು ಮತ್ತು ಜೊಸೆ ಆರಿ. ಹಾಡಿಗೆ 'ಶೋರಾಂದು ಸಿ ಫೊಯ್' ಎಂದು ಹೆಸರಿಟ್ಟರು. ಇದು ಒಪ್ಪಿಗೆ ಪಡೆದು ಮಾಡಿದ ರೂಪ. ಮುಂದಿನ ಜಗಳಕ್ಕೆ ಈ ಸಣ್ಣ ಸಂಗತಿ ಬಹಳ ದೊಡ್ಡದು. ಹಾಡಿನ ಮಾಲೀಕರು ಯಾರು ಎಂದು ಹುಡುಕುವುದು, ಅವರನ್ನು ಕೇಳುವುದು, ಕಾನೂನು ಪ್ರಕಾರ ಹಾಡುವುದು 1986ರಲ್ಲಿ ಒಬ್ಬ ಬ್ರೆಜಿಲ್ ಗಾಯಕಿಗೆ ಸಾಧ್ಯವಾಗಿತ್ತು. ಮೂರು ವರ್ಷದ ನಂತರ ಪ್ಯಾರಿಸ್ಸಿನ ದೊಡ್ಡ ನಿರ್ಮಾಪಕರಿಗೆ ಸಾಧ್ಯವಾಗದಿರಲು ಯಾವ ಕಾರಣವೂ ಇರಲಿಲ್ಲ.

ಅತ್ತ ಲಂಬಾಡಾ ಎಂಬ ಕುಣಿತ ಬೇರೆಯೇ ದಾರಿಯಲ್ಲಿ ಬೆಳೆಯುತ್ತಿತ್ತು. ಅದರ ತವರು ಬ್ರೆಜಿಲ್‌ನ ಉತ್ತರದ ಪಾರಾ ರಾಜ್ಯ, ಅಮೆಜಾನ್ ನದಿ ಕಡಲು ಸೇರುವ ಸೀಮೆ. ಅಲ್ಲಿನ ಕರಿಂಬೊ ಎಂಬ ಜನಪದ ಕುಣಿತದ ಜೊತೆ ಕೆರಿಬಿಯನ್ ದ್ವೀಪಗಳ ಸಂಗೀತ ಬೆರೆಯಿತು. ರೇಡಿಯೊ ಅಲೆಗಳಲ್ಲಿ, ಹಡಗಿನವರು ತಂದ ರೆಕಾರ್ಡುಗಳಲ್ಲಿ ಆ ಸಂಗೀತ ಬೆಲೆಂ ನಗರಕ್ಕೆ ಬರುತ್ತಿತ್ತು. 1970ರ ದಶಕದಲ್ಲಿ ಪಿಂಡುಕಾ, ಮೆಸ್ತ್ರಿ ವಿಯೇರಾ ಇವರೆಲ್ಲ ಲಂಬಾಡಾ ಎಂಬ ಹೆಸರಿನಲ್ಲೇ ರೆಕಾರ್ಡು ತಂದರು. ಆಮೇಲೆ ಕುಣಿತ ಕರಾವಳಿ ಹಿಡಿದು ಇಳಿದು ಬಾಯಿಯಾ ರಾಜ್ಯದ ಪೋರ್ತೊ ಸೆಗುರೊ ಎಂಬ ಪ್ರವಾಸಿ ಊರು ಸೇರಿತು. ಜೋಡಿಯಾಗಿ ಒತ್ತಿಕೊಂಡು ಕುಣಿಯುವ ಶೈಲಿ ಅಲ್ಲಿನ ತೀರದ ಮಳಿಗೆಗಳಲ್ಲಿ ಜನಪ್ರಿಯವಾಯಿತು.

ಹೀಗೆ ಕುಣಿತ ಬ್ರೆಜಿಲ್‌ನದ್ದು, ರಾಗ ಬೊಲಿವಿಯಾದ್ದು. ಎರಡನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಜಗತ್ತಿಗೆಲ್ಲ ಮಾರಿದವರು ಫ್ರಾನ್ಸಿನವರು.

ಪ್ಯಾರಿಸ್: ಬೇಸಿಗೆಯ ಹಾಡು

ಪೋರ್ತೊ ಸೆಗುರೊದಲ್ಲಿ ಈ ಕುಣಿತವನ್ನು ನೋಡಿ ಬೆರಗಾದವರು ಒಲಿವಿಯೆ ಲೊರ್ಸಾಕ್ ಮತ್ತು ಜ್ಯಾಂ ಕರಾಕೋಸ್. ಕರಾಕೋಸ್ ಅದಾಗಲೇ ಹಲವು ವರ್ಷ ರೆಕಾರ್ಡ್ ಕಂಪನಿ ನಡೆಸಿ ಪಳಗಿದ್ದವರು. ಪ್ಯಾರಿಸ್ಸಿಗೆ ವಾಪಸ್ ಬಂದು ಒಂದು ತಂಡ ಕಟ್ಟಿಸಿದರು. ಸಂಗೀತದ ಹೊಣೆ ಜ್ಯಾಂ-ಕ್ಲೋದ್ ಬೊನಾವೆಂಚರ್ ಅವರದ್ದು. ಅವರೂ ಇನ್ನು ಕೆಲವರೂ ಮೊದಲು ಸೆನೆಗಲ್ ಮೂಲದ ತುರೆ ಕುಂಡಾ ತಂಡದ ಜೊತೆ ನುಡಿಸಿದವರು. ಗಿಟಾರ್ ಮತ್ತು ಬೇಸ್ ನುಡಿಸುವವರು ಕೆರಿಬಿಯನ್ ದ್ವೀಪಗಳ ಮೂಲದವರು. ಹಾಡಿದ್ದು ರಿಯೊದಲ್ಲಿ ಹುಟ್ಟಿ 1980ರ ದಶಕದಲ್ಲಿ ಪ್ಯಾರಿಸ್ಸಿಗೆ ಬಂದಿದ್ದ ಲೊಆಲ್ವಾ ಬ್ರಾಸ್.

ಕಾವೋಮಾದ ಹಾಡನ್ನು ಕ್ವಾರ್ತೆತೊ ಕೊಂತಿನೆಂತಾಲ್ ರೂಪದ ಪಕ್ಕ ಇಟ್ಟು ಕೇಳಿ. ಅಕಾರ್ಡಿಯನ್ ಅದೇ ಜಾಗದಲ್ಲಿ ಬರುತ್ತದೆ, ಅದೇ ಕೆಲಸ ಮಾಡುತ್ತದೆ. ಮಾತು ಮಾರ್ಸಿಯಾ ಫೆರೇರಾ ಅವರದ್ದು. ಹೊಸದು ಅಂದರೆ ಕೀಬೋರ್ಡು, ದಪ್ಪನೆಯ ಬೇಸ್, ಸ್ಟುಡಿಯೊದ ಹೊಳಪು, ಅದಕ್ಕಿಂತ ಹೆಚ್ಚಾಗಿ ಲೊಆಲ್ವಾ ಬ್ರಾಸ್ ಅವರ ಕಂಠ. ಆ ಕಂಠವನ್ನು ನಾನು ಹಗುರವಾಗಿ ನೋಡಲಾರೆ. ಆಕೆ ಹಾಡಿನ ನೋವನ್ನು ಕುಣಿತದ ಗದ್ದಲದಲ್ಲಿ ಕಳೆಯಲು ಬಿಡಲಿಲ್ಲ. ತುಂಬು ದನಿಯಲ್ಲಿ, ಒಂದಿಷ್ಟೂ ಅಳುಬುರುಕತನ ಇಲ್ಲದೆ ಹಾಡಿದರು. ಜಗಳದ ಕೆಸರು ಆಕೆಯ ಮೇಲೂ ಸಿಡಿಯಿತು. ಹೆಸರು ಬದಲಿಸಿ ನೋಂದಾಯಿಸಿದ್ದು ಆಕೆ ಅಲ್ಲ. 2017ರ ಜನವರಿಯಲ್ಲಿ, ರಿಯೊ ಹತ್ತಿರದ ಸಕ್ವರೇಮಾದಲ್ಲಿ ಆಕೆಯ ಕೊಲೆಯಾಯಿತು. ಅಲ್ಲಿ ಆಕೆ ಒಂದು ಅತಿಥಿಗೃಹ ನಡೆಸುತ್ತಿದ್ದರು.

ಪ್ರಚಾರದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಟಿಎಫ್ 1 ಎಂಬ ಟಿವಿ ವಾಹಿನಿ ಹಾಡನ್ನು ಆ ವರ್ಷದ ಬೇಸಿಗೆಯ ಹಾಡಾಗಿ ಎತ್ತಿ ಹಿಡಿಯಿತು. ಒರಾಂಜಿನಾ ಎಂಬ ತಂಪು ಪಾನೀಯದ ಕಂಪನಿ ಹಣ ಹೂಡಿತು. ವಿಡಿಯೊವನ್ನು ಬಾಯಿಯಾದ ತ್ರಾಂಕೋಸೊ ತೀರದಲ್ಲಿ ಚಿತ್ರಿಸಿದರು. ಬೇಸಿಗೆ ರಜೆಗೆ ಹೊರಟ ಜನರಿಗೆ ಬಿಸಿಲು, ಕಡಲು, ಕುಣಿತ ಮೂರೂ ಒಂದೇ ಹಾಡಿನಲ್ಲಿ ಸಿಕ್ಕವು. ಹಾಡಿನೊಳಗೆ ಅಳುವೊಂದು ಇದೆ ಎಂಬುದನ್ನು ಪೋರ್ಚುಗೀಸ್ ತಿಳಿಯದವರು ಗಮನಿಸಲಿಲ್ಲ. 1990ರ ಮಾರ್ಚ್ 16ರಂದು ಅಮೆರಿಕದಲ್ಲಿ ಈ ಕುಣಿತದ ಮೇಲೆ ಎರಡು ಸಿನಿಮಾಗಳು ಒಂದೇ ದಿನ ಬಿಡುಗಡೆಯಾದವು. ಹಿಂದೆ ಒಟ್ಟಿಗಿದ್ದು ಆಗಷ್ಟೇ ಬೇರೆಯಾಗಿದ್ದ ಇಬ್ಬರು ನಿರ್ಮಾಪಕರ ಪೈಪೋಟಿ ಅದು. ಎರಡೂ ಓಡಲಿಲ್ಲ.

ಜಗಳ ಮತ್ತು ತೀರ್ಮಾನ

ಹಾಡು ಊರೂರು ಸುತ್ತಿ ಬೊಲಿವಿಯಾಕ್ಕೂ ಬಂತು. ಅಲ್ಲಿನವರಿಗೆ ಅದನ್ನು ಗುರುತಿಸಲು ಎರಡನೇ ಸಾಲಿನವರೆಗೂ ಕಾಯಬೇಕಿರಲಿಲ್ಲ. ಎರ್ಮೋಸಾ ಸಹೋದರರು ಕಾನೂನಿನ ದಾರಿ ಹಿಡಿದರು. ಹಾಡಿನ ಪ್ರಕಟಣೆಯ ಹಕ್ಕಿನ ಕಡೆಯಿಂದ ಇಎಂಐ ಕಂಪನಿಯೂ ಕಣಕ್ಕಿಳಿಯಿತು. ರಾಗ ಸ್ವರಕ್ಕೆ ಸ್ವರ ಹೊಂದುತ್ತಿದ್ದಾಗ, ಮಾತು ಕೂಡ ಅನುವಾದವೇ ಆಗಿದ್ದಾಗ ವಾದಕ್ಕೆ ಹೆಚ್ಚು ಜಾಗ ಇರಲಿಲ್ಲ. ಫ್ರೆಂಚ್ ಕಡೆಯವರು ಒಪ್ಪಲೇಬೇಕಾಯಿತು. ಸಹೋದರರಿಗೆ ಪರಿಹಾರ ಸಿಕ್ಕಿತು, ಹಾಡಿನ ಮೇಲೆ ಅವರ ಹೆಸರು ಬಂತು. ಉಲಿಸೆಸ್ ಎರ್ಮೋಸಾ ಹೆಚ್ಚು ಕಾಲ ಇರಲಿಲ್ಲ, 1992ರಲ್ಲಿ ತೀರಿಕೊಂಡರು.

ತಪ್ಪು ಎಲ್ಲಿದೆ ಎಂದು ಇಲ್ಲಿ ನಿಖರವಾಗಿ ಹೇಳಬೇಕು. ಮತ್ತೊಬ್ಬರ ಹಾಡನ್ನು ಹಾಡಿದ್ದು ತಪ್ಪಲ್ಲ, ವೇಗ ಬದಲಿಸಿದ್ದು ತಪ್ಪಲ್ಲ, ಬೆಟ್ಟದ ಹಾಡನ್ನು ಕಡಲತೀರಕ್ಕೆ ಒಯ್ದದ್ದಂತೂ ತಪ್ಪೇ ಅಲ್ಲ. ತಪ್ಪು ಇರುವುದು 'ಶಿಕೊ ಜಿ ಒಲಿವೇರಾ' ಎಂಬ ಆ ಸುಳ್ಳು ಹೆಸರಿನಲ್ಲಿ. ಅದು ಹಣವನ್ನು ಮಾತ್ರ ತಿರುಗಿಸಲಿಲ್ಲ, ಹಾಡಿನ ಊರನ್ನೂ ಬದಲಿಸಿತು. ಇವತ್ತಿಗೂ ಎಷ್ಟೋ ಜನ ಲಂಬಾಡಾ ಬ್ರೆಜಿಲ್‌ನ ರಾಗ ಎಂದೇ ನಂಬಿದ್ದಾರೆ. ಕೋರ್ಟು ಹಣ ಕೊಡಿಸಬಹುದು, ಜನರ ಮನಸ್ಸಿನಲ್ಲಿ ಕೂತ ಊರನ್ನು ಬದಲಿಸುವುದು ಅದರ ಕೈಯಲ್ಲಿಲ್ಲ.

ಆಮೇಲಿನ ರೂಪಗಳು

1990ರ ಹೊತ್ತಿಗೆ ಹಾಡು ಎಲ್ಲೆಲ್ಲಿಗೆ ಹೋಯಿತು ಎಂದು ಎಣಿಸುವುದೇ ಕಷ್ಟ. ಜಪಾನಿನಲ್ಲಿ ಅಕೆಮಿ ಇಶಿಯಿ ಜಪಾನೀ ಭಾಷೆಯಲ್ಲಿ ಹಾಡಿದರು. ಅದೇ ವರ್ಷ ಹಿಂದಿಯ 'ಘಾಯಲ್' ಸಿನಿಮಾ ಬಂತು. ಬಪ್ಪಿ ಲಾಹಿರಿ ಸಂಗೀತದ ಅದರ 'ಸೋಚ್ನಾ ಕ್ಯಾ' ಹಾಡಿನಲ್ಲಿ ಇದೇ ರಾಗ ಕೇಳುತ್ತದೆ. ಕರ್ನಾಟಕದಲ್ಲಿ ಆ ಕಾಲದ ಬಹಳ ಜನರಿಗೆ ಈ ರಾಗ ಪರಿಚಯವಾದದ್ದು ಕಾವೋಮಾದಿಂದಲ್ಲ, ಈ ಕ್ಯಾಸೆಟ್ಟಿನಿಂದ. ಹಿಂದಿ ಹಾಡಿನಲ್ಲಿ ಅಳು ಪೂರ್ತಿ ಹೋಗಿಬಿಟ್ಟಿದೆ. ಯೋಚನೆ ಯಾಕೆ, ಆಗುವುದು ಆಗಲಿ ಎಂಬ ಮಾತು ಬಂದಿದೆ. ರಾಗ ಮಾತ್ರ ಇನ್ನೂ ಕೆಳಗಿಳಿಯುತ್ತಲೇ ಇದೆ.

ನಮ್ಮಲ್ಲಿ ಇನ್ನೊಂದು ರೂಪವೂ ಇತ್ತು. ಕಾರು ರಿವರ್ಸ್ ತೆಗೆಯುವಾಗ ಪೀಂ ಪೀಂ ಎಂದು ಹಾಡುವ ಪುಟ್ಟ ಯಂತ್ರಗಳು ನೆನಪಿವೆಯಾ? ಅವುಗಳಲ್ಲಿ ಬರುತ್ತಿದ್ದ ರಾಗಗಳಲ್ಲಿ ಲಂಬಾಡಾ ಕೂಡ ಒಂದು. ಅಲ್ಲಿ ಕಂಠ ಇಲ್ಲ, ಅಕಾರ್ಡಿಯನ್ ಇಲ್ಲ, ಮಾತಿಲ್ಲ, ತಾಳವೂ ಇಲ್ಲ. ಬರೀ ಸ್ವರಗಳ ಸಾಲು. ಆದರೂ ಬೀದಿಯವರೆಲ್ಲ ಗುರುತಿಸುತ್ತಿದ್ದರು. ಲಿಮಾದವರ ಪಾಲಿನ ಬಗ್ಗೆ ಇಷ್ಟು ಹೇಳಿದ ಮೇಲೆ ಇದನ್ನೂ ಒಪ್ಪಬೇಕು. ಎಲ್ಲವನ್ನೂ ಕಿತ್ತು ಹಾಕಿದರೂ ಉಳಿಯುವುದು ಎರ್ಮೋಸಾ ಸಹೋದರರ ರಾಗ. ಕಾನೂನು ರಾಗಕ್ಕೆ ಅಷ್ಟು ತೂಕ ಕೊಡುವುದು ಸುಮ್ನೆ ಅಲ್ಲ.

2006ರಲ್ಲಿ ಪೋರ್ಟೊ ರಿಕೊದ ವಿಸಿನ್ ಮತ್ತು ಯಾಂಡೆಲ್ 'ಪಾಂ ಪಾಂ' ಹಾಡಿನಲ್ಲಿ ಈ ರಾಗವನ್ನು ರೆಗೆಟೋನ್ ತಾಳಕ್ಕೆ ಕೂರಿಸಿದರು. 2011ರಲ್ಲಿ ಡಾನ್ ಒಮರ್ ಇದೇ ರಾಗದ 'ಟಬೂ' ಹಾಡಿದರು. ಅದೇ ವರ್ಷ ಜೆನಿಫರ್ ಲೋಪೆಜ್ ಅವರ 'ಆನ್ ದ ಫ್ಲೋರ್' ಬಂತು, ಪಿಟ್‌ಬುಲ್ ಜೊತೆಗೆ, ರೆಡ್‌ಒನ್ ನಿರ್ಮಾಣದಲ್ಲಿ. ಹಲವು ದೇಶಗಳಲ್ಲಿ ಮೊದಲ ಸ್ಥಾನ, ಅಮೆರಿಕದಲ್ಲಿ ಮೂರನೆಯದು. ಅದರಲ್ಲಿ ರಾಗ ಮೊದಲು ಬರುವುದು ಯಾವ ದನಿಯಲ್ಲಿ? ಅಕಾರ್ಡಿಯನ್ನನ್ನು ಹೋಲುವ ದನಿಯಲ್ಲಿ. 27 ವರ್ಷ ಕಳೆದರೂ ಲಿಮಾದ ಆ ಆಯ್ಕೆಯನ್ನು ಯಾರೂ ಬಿಟ್ಟಿಲ್ಲ. ಹಾಡು ಬರೆದವರ ಪಟ್ಟಿಯಲ್ಲಿ ಈ ಸಲ ಉಲಿಸೆಸ್ ಮತ್ತು ಗೊನ್ಸಾಲೊ ಎರ್ಮೋಸಾ ಹೆಸರು ಮೊದಲ ದಿನದಿಂದಲೇ ಇತ್ತು. ಇಪ್ಪತ್ತು ವರ್ಷದ ಹಿಂದಿನ ಜಗಳದ ನಿಜವಾದ ಫಲ ನನಗೆ ಕಾಣುವುದು ಈ ಪಟ್ಟಿಯಲ್ಲಿ.

ಈಗ ನಮ್ಮಲ್ಲಿ ಮನೆ ಮನೆಯಲ್ಲಿ ಕವರ್ ಹಾಡುಗಳನ್ನು ರೆಕಾರ್ಡ್ ಮಾಡುವ ಹುಡುಗ ಹುಡುಗಿಯರಿದ್ದಾರೆ. ಅವರಿಗೆ ಈ ಪ್ರಕರಣ ದೂರದ್ದಲ್ಲ. ನಮ್ಮ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ತಿದ್ದುಪಡಿ ತಂದು 31ಸಿ ಎಂಬ ಕಲಂ ಸೇರಿಸಿದರು. ಮೂಲ ಹಾಡು ರೆಕಾರ್ಡ್ ಆದ ವರ್ಷ ಮುಗಿದು ಐದು ವರ್ಷ ಆಗಿರಬೇಕು, ಮೊದಲೇ ನೋಟಿಸ್ ಕೊಡಬೇಕು, ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಲ್ಟಿ ಮುಂಗಡ ಕಟ್ಟಬೇಕು, ಇದು ಕವರ್ ಎಂದು ಮೇಲೆ ಬರೆಯಬೇಕು. ಹೀಗೆ ಮಾಡಿದರೆ ಮಾಲೀಕರ ಒಪ್ಪಿಗೆಗೆ ಕಾಯಬೇಕಿಲ್ಲ. ಆದರೆ ಮಾತು ಮತ್ತು ಸಂಗೀತವನ್ನು ಬದಲಿಸುವ ಹಾಗಿಲ್ಲ, ತಾಂತ್ರಿಕವಾಗಿ ಅಗತ್ಯವಾದಷ್ಟು ಬಿಟ್ಟು. ಅಂದರೆ ಮೂಲದ ಹಾಗೇ ಹಾಡುವವರಿಗೆ ಈ ದಾರಿ. ಮಾರ್ಸಿಯಾ ಫೆರೇರಾ ಮಾಡಿದಂತೆ ಬೇರೆ ಭಾಷೆಯ ಮಾತು ಹಾಕುವುದಿದ್ದರೆ ಈ ಕಲಂ ನೆರವಿಗೆ ಬರುವುದಿಲ್ಲ. ಅಂಥವರು ಮಾಲೀಕರನ್ನೇ ಹುಡುಕಿ ಕೇಳಬೇಕು, ಆಕೆ 1986ರಲ್ಲಿ ಪಡೆದಂಥ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು.